ಡಾಂಗಲ್ ಬೇರೆ, ಸಹಿಯ ಟೋಕನ್ ಬೇರೆ

ಗಣಕಯಂತ್ರ ಬದಲಾದ ಮಾತ್ರಕ್ಕೆ ಹಳೆಯ ಲೆಕ್ಕಪತ್ರಗಳ ಅಗತ್ಯ ಮುಗಿಯುವುದಿಲ್ಲ. ಕಂಪನಿಗಳು ತಮ್ಮ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳ ಕಾಲ ಕಾಯ್ದಿರಿಸಬೇಕೆಂದು 2013ರ ಕಂಪನಿ ಕಾಯ್ದೆಯ 128ನೇ ಕಲಂ ವಿಧಿಸುತ್ತದೆ. ಜಿ.ಎಸ್.ಟಿ. ಕಾನೂನಿನಡಿ ಈ ಅವಧಿಯು ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 7ರ ಸಾಮಾನ್ಯ ಬೆಂಬಲವನ್ನು 2020ರ ಜನವರಿಯಲ್ಲಿಯೂ, ವಿಂಡೋಸ್ 10ರದನ್ನು 2025ರ ಅಕ್ಟೋಬರ್‌ನಲ್ಲಿಯೂ ನಿಲ್ಲಿಸಿದೆ. ಹೊಸ ಗಣಕದಲ್ಲಿ ಹಳೆಯ ತಂತ್ರಾಂಶ ತೆರೆಯದಿದ್ದರೆ ವರ್ತಕನ ಕಡತಗಳು ಇದ್ದೂ ಇಲ್ಲದಂತೆಯೇ ಸರಿ.

ಹಳೆಯ ವ್ಯವಸ್ಥೆಯನ್ನು ಹೊಸ ಗಣಕದೊಳಗೆ ವರ್ಚುವಲ್ ಯಂತ್ರವಾಗಿ ಉಳಿಸಿಕೊಂಡು, ಅದಕ್ಕೆ ಅಂತರಜಾಲ ಸಂಪರ್ಕ ನೀಡದಿರುವುದು ಇದಕ್ಕೆ ಯೋಗ್ಯ ಪರಿಹಾರ. ಆದರೆ ಕೆಲವು ಹಳೆಯ ತಂತ್ರಾಂಶಗಳು ಯು.ಎಸ್.ಬಿ. ಡಾಂಗಲ್ ಕಾಣದೆ ತೆರೆಯುವುದೇ ಇಲ್ಲ. ಚುಚ್ಚಿದ ಸಾಧನವನ್ನು ಮೊದಲು ವಶಕ್ಕೆ ಪಡೆಯುವುದು ಮೂಲ ಗಣಕ. ವರ್ಚುವಲ್ ಯಂತ್ರಕ್ಕೆ ಅದನ್ನು ಪ್ರತ್ಯೇಕವಾಗಿ ಹಸ್ತಾಂತರಿಸಬೇಕು. ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ಡಿವೈಸಸ್ ಪಟ್ಟಿಯ ಯು.ಎಸ್.ಬಿ. ವಿಭಾಗದಿಂದ ಸಾಧನವನ್ನು ಆರಿಸಿದರೆ ಈ ಕಾರ್ಯ ಆಗುತ್ತದೆ. ‘ಫಿಲ್ಟರ್’ ರಚಿಸಿಟ್ಟರೆ ಮುಂದೆ ಅದು ತಾನಾಗಿಯೇ ನಡೆಯುತ್ತದೆ. ಒಮ್ಮೆ ಹಸ್ತಾಂತರವಾದ ಸಾಧನವು ಮೂಲ ಗಣಕಕ್ಕೆ ಕಾಣದು. ಒಂದೇ ಕೀಲಿಕೈ ಏಕಕಾಲಕ್ಕೆ ಎರಡು ಬೀಗಗಳಲ್ಲಿ ಇರಲಾರದಷ್ಟೆ.

ವೆಚ್ಚದ ದೃಷ್ಟಿಯಿಂದ ಗಮನಿಸಬೇಕಾದ ಅಂಶವೊಂದಿದೆ. ವರ್ಚುವಲ್‌ಬಾಕ್ಸ್‌ನ ಮೂಲ ತಂತ್ರಾಂಶ ಉಚಿತವಾದರೂ ಅದರ ‘ಎಕ್ಸ್‌ಟೆನ್ಷನ್ ಪ್ಯಾಕ್’ ವ್ಯಾಪಾರಿ ಬಳಕೆಗೆ ಉಚಿತವಲ್ಲ. 2022ರ 7.0 ಆವೃತ್ತಿಯಿಂದ ಯು.ಎಸ್.ಬಿ. 2 ಮತ್ತು 3ರ ಸೌಲಭ್ಯ ಮೂಲ ತಂತ್ರಾಂಶದಲ್ಲಿಯೇ ಸೇರಿರುವುದರಿಂದ, ಕೇವಲ ಅದಕ್ಕಾಗಿ ಆ ಪ್ಯಾಕ್ ಅಳವಡಿಸುವ ಅಗತ್ಯವಿಲ್ಲ.

ಇಲ್ಲಿಯವರೆಗಿನದು ಅನುಕೂಲದ ಮಾತು. ಡಿಜಿಟಲ್ ಸಹಿಯ ಟೋಕನ್ ವಿಷಯದಲ್ಲಿ ಹೊಣೆಯ ಪ್ರಶ್ನೆ ಏಳುತ್ತದೆ. ಡಾಂಗಲ್‌ಗೆ ಫಿಲ್ಟರ್ ರಚಿಸುವುದರಲ್ಲಿ ತಪ್ಪಿಲ್ಲ; ಟೋಕನ್‌ಗೆ ಅದನ್ನು ರಚಿಸುವುದು ಸರ್ವಥಾ ಉಚಿತವಲ್ಲ. ಟೋಕನ್‌ನೊಳಗಿನ ಖಾಸಗಿ ಕೀಲಿಯನ್ನು ಹೊರಗೆ ನಕಲು ಮಾಡಲಾಗದಂತೆ ಅದನ್ನು ರೂಪಿಸಲಾಗಿದೆ, ನಿಜ. ಆದರೆ ಟೋಕನ್ ಚುಚ್ಚಿಯೇ ಇದ್ದು ಪಿನ್ ಸಂಖ್ಯೆಯೂ ತಿಳಿದಿದ್ದರೆ, ಆ ಯಂತ್ರವನ್ನು ನಿಯಂತ್ರಿಸುವ ಯಾರಾದರೂ ಮಾಲೀಕನ ಹೆಸರಿನಲ್ಲಿ ಸಹಿ ಹಾಕಬಲ್ಲರು. ಭದ್ರತಾ ಬೆಂಬಲ ಕಳೆದುಕೊಂಡ ಹಳೆಯ ವ್ಯವಸ್ಥೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಖಾಸಗಿ ಕೀಲಿಯ ಮೇಲಿನ ನಿಯಂತ್ರಣ ಕಾಪಾಡಲು ಪ್ರಮಾಣಪತ್ರ ಹೊಂದಿದವನೇ ಯುಕ್ತ ಎಚ್ಚರ ವಹಿಸಬೇಕೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಸ್ಪಷ್ಟಪಡಿಸಿದೆ. ಗುಮಾಸ್ತನ ಮೇಲಾಗಲಿ, ಗಣಕ ದುರಸ್ತಿಗಾರನ ಮೇಲಾಗಲಿ ಈ ಹೊಣೆಯನ್ನು ಹೊರಿಸಿ ಪಾರಾಗುವುದು ಸುಲಭವಲ್ಲ.

ಪ್ರತಿ ಬಾರಿಯೂ ಟೋಕನ್ ಜೋಡಿಸಿ ತೆಗೆಯುವುದು ತೊಡಕೆಂಬ ಆಕ್ಷೇಪ ಸಹಜ. ಆದರೆ ಸಹಿ ಹಾಕಿದ ಖಾಲಿ ಚೆಕ್ ಪುಸ್ತಕವನ್ನು ಗಲ್ಲದ ಮೇಲೆ ಬಿಟ್ಟು ಮನೆಗೆ ಹೋಗುವ ವರ್ತಕನುಂಟೆ? ಸಹಿಯ ಕಾರ್ಯವನ್ನು ಬೆಂಬಲವಿರುವ ಮೂಲ ಗಣಕದಲ್ಲಿಯೇ ಮುಗಿಸುವುದು, ಮುಗಿದೊಡನೆ ಟೋಕನ್ ತೆಗೆದು ತಿಜೋರಿಯಲ್ಲಿಡುವುದು ಮತ್ತು ಪಿನ್ ಸಂಖ್ಯೆಯನ್ನು ಯಾರಿಗೂ ತಿಳಿಸದಿರುವುದು, ಈ ಮೂರು ಶಿಸ್ತುಗಳಿಗೆ ಖರ್ಚೇನೂ ಇಲ್ಲ. ಹಳೆಯ ಲೆಕ್ಕಕ್ಕೆ ವರ್ಚುವಲ್ ಯಂತ್ರವಿರಲಿ. ಸಹಿ ಮಾತ್ರ ಮಾಲೀಕನ ಕೈಯಲ್ಲೇ ಇರಲಿ.