ಮಹಾಕೂಟದ ಅಜ್ಜಿ ಕೇಳಿದ ಪ್ರಶ್ನೆ

ಹೋದ ರಜೆಯಲ್ಲಿ ನಾವು ಏಳು ಮಂದಿ ಬಾದಾಮಿ ನೋಡಿಕೊಂಡು ಮಹಾಕೂಟಕ್ಕೆ ಹೋಗಿದ್ವಿ. ಪುಷ್ಕರಿಣಿಯಲ್ಲಿ ಈಜಾಡಿ ಹೊರಗೆ ಬಂದರೆ ಮರದ ನೆರಳಲ್ಲಿ ಒಬ್ಬ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಮ್ಮ ಬೆಂಗಳೂರಿನ ಗೆಳೆಯ ತಮಾಷೆಗೆ ಕೇಳಿದ: "ಅಜ್ಜಿ, ಓಟು ಯಾರಿಗೆ ಹಾಕ್ಬೇಕು ಅಂತ ನಿಮಗೆ ಯಾರು ಹೇಳ್ಕೊಡ್ತಾರೆ?"

ಅಜ್ಜಿ ತಲೆ ಎತ್ತಲಿಲ್ಲ. "ಯಾರ್ ಹೇಳಬೇಕೋ ಯಪ್ಪಾ? ಸಿದ್ರಾಮಯ್ಯ ಇಲ್ಲೇ ನಿಂತಿದ್ರು. ಸಾವಿರದ ಆರ್ನೂರು ಚಿಲ್ಲರ ಓಟಿಲೆ ಗೆದ್ರು. ಒಂದೊಂದ್ ಓಟಿನ ಕಿಮ್ಮತ್ತು ನಮಗ ಗೊತ್ತೈತಿ. ನೀ ಹಾಕೀಯೇನು?"

ಲೆಕ್ಕ ಸರಿಯಾಗಿಯೇ ಇತ್ತು. 2018ರಲ್ಲಿ ಬಾದಾಮಿಯ ಅಂತರ 1,696. ನಮ್ಮ ಗೆಳೆಯನ ಹೆಸರು ಮಾತ್ರ ಯಾವ ಮತದಾರರ ಪಟ್ಟಿಯಲ್ಲೂ ಇರಲಿಲ್ಲ.

ಅಮೆರಿಕದವರಿಗೆ ರಾಜಕೀಯವೇ ಗೊತ್ತಿಲ್ಲ ಅಂತ ಯುರೋಪಿನವರು ನಗ್ತಾರೆ ಅಂತ ಕೇಳಿದ್ದೇವೆ. ನಮ್ಮ ಹಾಸ್ಟೆಲಿನಲ್ಲಿ ಅದೇ ನಗು ತುಂಗಭದ್ರೆ ದಾಟಿ ಬರುತ್ತದೆ. "ನಿಮ್ ಕಡೆ ಜನ ಜಾತಿ ನೋಡಿ, ದುಡ್ಡು ತಗೊಂಡು ಓಟು ಒತ್ತುತ್ತಾರೆ" ಅನ್ನೋದು ಮೆಸ್ಸಿನ ಹಳೇ ಡೈಲಾಗು. ಜಾತಿ, ದುಡ್ಡು ಇಲ್ಲ ಅಂತ ನಾವೇನೂ ಹೇಳೋದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲೂ ಅವು ಇವೆ. ನಮ್ಮ ತಕರಾರು ಇರೋದು "ಗೊತ್ತಿಲ್ಲದ ಜನ" ಅನ್ನುವ ಮಾತಿಗೆ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ ಬನ್ನಿ. ಸರ್ಕಾರ ಕಟ್ಟಿಕೊಡಲಿಲ್ಲ ಅಂತ ರೈತರು ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡ. ಎರಡೇ ವರ್ಷಕ್ಕೆ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆಯ ಜನ ಇದೇ ಬ್ಯಾರೇಜ್ ಸಿದ್ದುವನ್ನು ಗೆಲ್ಲಿಸಿದರು. ಎದುರಿಗೆ ಸೋತವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಪಕ್ಷದ ಬಲವೂ ಇತ್ತು, ಒಪ್ಪಿದೆವು. ಆದರೂ ನೀರು ತಂದವನು ಯಾರು ಅಂತ ಗೊತ್ತಿದ್ದೇ ಓಟು ಹಾಕಿದ ಜನ ಅವರು. ಸಿವಿಲ್ ಬ್ರಾಂಚಿನವರು ಒಮ್ಮೆ ಹೋಗಿ ನೋಡಿ, ಅಭಿಯಂತರರ ಪಾಠವೂ ಅಲ್ಲಿದೆ.

2024ರಲ್ಲಿ ಬಾಗಲಕೋಟೆ ಕ್ಷೇತ್ರದಲ್ಲಿ ಶೇ. 72ಕ್ಕೂ ಹೆಚ್ಚು ಮತದಾನ ಆಯ್ತು, ಬೆಂಗಳೂರು ದಕ್ಷಿಣದಲ್ಲಿ ಸುಮಾರು 53. ಇದನ್ನು ಹಿಡಿದುಕೊಂಡು "ನೋಡ್ರಲೇ, ದಡ್ಡರು ನೀವು" ಅಂತ ತಿರುಗಿಬಿದ್ದರೆ ನಾವೂ ಅದೇ ನಗು ನಕ್ಕಂತೆ. ಊರು ಬಿಟ್ಟು ಬಂದು, ಬಾಡಿಗೆ ಮನೆ ಬದಲಾಯಿಸುತ್ತಾ, ಪಟ್ಟಿಯಲ್ಲಿ ಹೆಸರು ಎಲ್ಲೋ ಉಳಿದವರೂ ಆ ಊರಲ್ಲಿ ಬೇಕಾದಷ್ಟು ಇದ್ದಾರೆ.

ಹಾಸ್ಟೆಲಿನ ನಮ್ಮ ಕಥೆಯೂ ಅದೇ. ಪರೀಕ್ಷೆ ಹತ್ತಿರ ಇದ್ದರೆ ಊರಿಗೆ ಯಾರು ಹೋಗ್ತಾರೆ? ಆದರೆ ಓದುವ ಊರಿನಲ್ಲೇ ಹೆಸರು ಸೇರಿಸಲು ಚುನಾವಣಾ ಆಯೋಗ ಅವಕಾಶ ಕೊಟ್ಟಿದೆ. ಮೊದಲ ಸಲವಾದರೆ ಫಾರಂ 6, ಊರಿನಿಂದ ಇಲ್ಲಿಗೆ ಬದಲಾಯಿಸಲು ಫಾರಂ 8, ಜೊತೆಗೆ ಕಾಲೇಜಿನ ಬೋನಾಫೈಡ್. ನಾವು ಏಳು ಮಂದಿಯಲ್ಲಿ ಮೂವರ ಹೆಸರು ಪಟ್ಟಿಯಲ್ಲಿರಲಿಲ್ಲ. ಮೂವರೂ ವಾಪಸ್ ಬಂದ ವಾರವೇ ಫಾರಂ ತುಂಬಿದೆವು.