ಲಾಠಿಯೂ ಲೆಕ್ಕ ಒಪ್ಪಿಸಬೇಕು

2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿಯು 7.56 ಟಿಎಂಸಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿತು. ನವಲಗುಂದ ಸೀಮೆ ಸಿಟ್ಟಿಗೆದ್ದಿತು. ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದರ ಬೆನ್ನಿಗೇ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಯಮನೂರಿನಲ್ಲಿ ಪೊಲೀಸರು ಹೆಂಗಸರು, ವೃದ್ಧರೆನ್ನದೆ ಥಳಿಸಿದ ದೃಶ್ಯಗಳನ್ನು ನಾಡೇ ಕಂಡಿತು. ಬಂಧಿತ ರೈತರು ದೂರದ ಬಳ್ಳಾರಿ, ಚಿತ್ರದುರ್ಗದ ಕಾರಾಗೃಹಗಳನ್ನು ಸೇರಿದರು. ಕೆಲವು ಪೊಲೀಸರು ಅಮಾನತಾದರು.

ಅಮಾನತು ಶಿಕ್ಷೆಯಲ್ಲ, ಅದು ವಿಚಾರಣೆಯ ಮುನ್ನುಡಿ ಮಾತ್ರ. ಮುನ್ನುಡಿಯನ್ನೇ ತೀರ್ಪೆಂದು ನಂಬಿಸುವುದು ಪೀಡಿತರಿಗೆ ಬಗೆಯುವ ಎರಡನೆಯ ಅನ್ಯಾಯ.

ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಘಟನೆಯಿದೆ. ಶಾಮ್ ಪ್ರದೇಶದಲ್ಲಿ ಜಿಝ್ಯಾ ಬಾಕಿಗಾಗಿ ನಬತಿ ರೈತರನ್ನು ಬಂಧಿಸಿ ಬಿಸಿಲಲ್ಲಿ ನಿಲ್ಲಿಸಲಾಗಿತ್ತು. ಅದನ್ನು ಕಂಡ ಹಝ್ರತ್ ಹಿಶಾಮ್ ಬಿನ್ ಹಕೀಮ್(ರ), ಇಹಲೋಕದಲ್ಲಿ ಜನರನ್ನು ಹಿಂಸಿಸುವವರನ್ನು ಅಲ್ಲಾಹನು ಹಿಂಸೆಗೆ ಗುರಿಪಡಿಸುವನೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ನೆನಪಿಸಿ, ನೇರವಾಗಿ ಅಧಿಕಾರಿಯ ಬಳಿಗೇ ಹೋದರು. ರೈತರ ಬಿಡುಗಡೆಯಾಯಿತು. ಗಮನಿಸಿ: ಜಿಝ್ಯಾ ತೆರುತ್ತಿದ್ದ ಆ ರೈತರು ಮುಸ್ಲಿಮರಾಗಿರಲಿಲ್ಲ, ಹಿಂಸಿಸಿದ್ದು ಮುಸ್ಲಿಮ್ ಆಡಳಿತ. ಆದರೂ ಹಿಶಾಮರು ಸುಮ್ಮನಿರಲಿಲ್ಲ.

ಈಗ ನಮ್ಮನ್ನೇ ನಾವು ಕೇಳಿಕೊಳ್ಳೋಣ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಪ್ರಾಣ ತೆತ್ತಾಗ ನಾವು ನ್ಯಾಯ ಕೇಳಿದೆವು; ಕೇಳಲೇಬೇಕಿತ್ತು. ಆದರೆ ಗುಡಗೇರಿಯಿಂದ ದೂರವೇನೂ ಇಲ್ಲದ ಯಮನೂರಿಗಾಗಿ ನಮ್ಮಲ್ಲಿ ಎಷ್ಟು ಮಂದಿ ಬಾಯಿ ತೆರೆದೆವು? ನಮ್ಮವರಿಗೆ ಪೆಟ್ಟು ಬಿದ್ದಾಗ ಮಾತ್ರ ಏಳುವ ಕೂಗು ನ್ಯಾಯದ ಕೂಗಲ್ಲ, ಬರಿಯ ಸ್ವಪಕ್ಷಪಾತ. ಸ್ವಂತ ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಸೂರಃ ಅನ್ನಿಸಾದ ಆದೇಶ ಈ ಪಕ್ಷಪಾತವನ್ನು ಒಪ್ಪುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕು, ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಹೇಳಿದೆ. ಪೊಲೀಸರ ವಿರುದ್ಧದ ದೂರುಗಳಿಗಾಗಿ ಪ್ರಾಧಿಕಾರವನ್ನು ರಾಜ್ಯದ ಪೊಲೀಸ್ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯೇ ಒದಗಿಸಿದೆ. ಕೊರತೆಯಿರುವುದು ಇವನ್ನು ಪಾಲಿಸುವ ಮನಸ್ಸಿಗೆ, ಪಾಲಿಸಿರೆಂದು ಕೇಳುವ ನಾಲಿಗೆಗೆ.

ತಪ್ಪು ಮಾಡಿದವನನ್ನು ನ್ಯಾಯಾಲಯ ಶಿಕ್ಷಿಸಲಿ. ಠಾಣೆಯ ಲಾಠಿಗೆ ಆ ಅಧಿಕಾರವಿಲ್ಲ. ಬಂಧಿತನ ಹೆಸರು ಬಸಪ್ಪನಿರಲಿ, ಬಾಷಾಸಾಬನಿರಲಿ, ಅವನ ಮನೆಯವರೊಂದಿಗೆ ಠಾಣೆಯ ಮೆಟ್ಟಿಲೇರಿ, ಗಾಯಗಳು ವೈದ್ಯರ ದಾಖಲೆ ಸೇರುವಂತೆ ನೋಡಿಕೊಂಡು, ಲಿಖಿತ ದೂರು ಕೊಡಿಸುವುದು ನಮ್ಮ ಹೊಣೆ. ಹೊಡೆದವನಿಗೆ ಅಲ್ಲಾಹನ ಮುಂದೆ ವಿಚಾರಣೆಯಿದೆ. ಕಂಡೂ ಸುಮ್ಮನಿದ್ದ ನಮಗೂ ಇದೆ.