ಉಪಗ್ರಹ ಮೇಳವೂ ಮಲೆನಾಡಿನ ನಕ್ಷೆಯೂ

ಉಪಗ್ರಹ ಉದ್ಯಮದ ವಾಣಿಜ್ಯ ಮೇಳಗಳು ಬೆಂಗಳೂರಿನಲ್ಲಿ 2008ರಿಂದ ಜರುಗುತ್ತ ಬಂದಿವೆ. 2022ರ ‘ಬೆಂಗಳೂರು ಸ್ಪೇಸ್ ಎಕ್ಸ್‌ಪೋ’ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯಿತು. ಮುಂದಿನ ಮೇಳಗಳು ಯಾವ ಹೊಸ ಸಭಾಂಗಣದಲ್ಲಿ ಸೇರಿದರೂ, ಅಲ್ಲಿ ಮಲೆನಾಡಿಗರಿಗೊಂದು ಆಸನವಿರುವುದೇ?

ಪ್ರಶ್ನೆ ಉಪೇಕ್ಷಣೀಯವಲ್ಲ. ಕಸ್ತೂರಿರಂಗನ್ ಕಾರ್ಯತಂಡವು 2013ರಲ್ಲಿ ಪಶ್ಚಿಮಘಟ್ಟದ ಸುಮಾರು 60,000 ಚದರ ಕಿ.ಮೀ. ಪ್ರದೇಶವನ್ನು ಪರಿಸರಸೂಕ್ಷ್ಮವೆಂದು ಗುರುತಿಸಿದ್ದು 24 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರಗಳ ಆಧಾರದಿಂದ. ಅಂಥ ಚಿತ್ರದ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಸುಮಾರು ಐದೂಮುಕ್ಕಾಲು ಗುಂಟೆ. ಅಷ್ಟರೊಳಗೆ ಸೊಪ್ಪಿನಬೆಟ್ಟದ ಅಂಚು, ಅಡಿಕೆ ತೋಟದ ಮೂಲೆ, ಮರದ ನೆರಳಿನ ಏಲಕ್ಕಿ ಎಲ್ಲವೂ ಅಡಗಬಹುದು. ಚಿತ್ರದಲ್ಲಿ ಎಲ್ಲವೂ ಒಂದೇ ಹಸಿರು.

ಉಪಗ್ರಹ ಮಲೆನಾಡಿನ ಶತ್ರುವಲ್ಲ. ಕಾಡ್ಗಿಚ್ಚು, ಗಣಿಗಾರಿಕೆ, ಗುಡ್ಡ ಕುಸಿತಗಳ ವ್ಯಾಪ್ತಿಯನ್ನು ಅಳೆಯಲು ಅದು ಬೇಕೇ ಬೇಕು. ಆದರೆ ನೆಲದಲ್ಲಿ ತಾಳೆ ನೋಡದ ನಕ್ಷೆ ಅರ್ಧಸತ್ಯ. 2023ರ ಭಾರತೀಯ ಬಾಹ್ಯಾಕಾಶ ನೀತಿಯನ್ವಯ, ಇಸ್ರೋ ದೂರಸಂವೇದಿ ಉಪಗ್ರಹಗಳ 5 ಮೀಟರ್ ಹಾಗೂ ಅದಕ್ಕಿಂತ ಸ್ಥೂಲವಾದ ದತ್ತಾಂಶ ಎಲ್ಲರಿಗೂ ಉಚಿತ. ವಿದ್ಯಾರ್ಥಿಗಳು ಅದನ್ನು ಪಡೆದು ಗ್ರಾಮಸಭೆಯ ಮುಂದೆ ಹರಡಲಿ. ಹಿರಿಯರು ಹಳ್ಳ, ಕಾನು, ಗೋಮಾಳಗಳನ್ನು ಹೆಸರಿಸಿ ತಿದ್ದಲಿ. ಊರು ತಿದ್ದಿದ ನಕ್ಷೆಗೆ ಮೇಳದಲ್ಲೂ ಸರ್ಕಾರದ ಕಡತದಲ್ಲೂ ಸ್ಥಾನ ದೊರೆಯಲೇಬೇಕು.